ಸಿಕ್ಸ್‌ಟೀನ್ ನೈನ್ ಎಂಬ ಹುಚ್ಚು

ನಮ್ಮ ಕಡೆ ಒಂದು ಮಾತು ಗಾದೆಯಷ್ಟೇ ಗಟ್ಟಿಯಾಗಿ ಕೂತುಬಿಟ್ಟಿದೆ: ಹಿಂದಿನ ಗಾಲಿ ದೊಡ್ಡದಾದಷ್ಟೂ ಟ್ರ್ಯಾಕ್ಟರ್ ಹೆಚ್ಚು ಜಗ್ಗತೈತಿ, ಮುಂದಿನ ಗಾಲಿಗೆ ಏನ್ ಹಾಕಿದ್ರೂ ನಡೀತೈತಿ. ಜಮಖಂಡಿಯ ಟೈರ್ ಅಂಗಡಿಯಲ್ಲಿ ಕೇಳಿ, ಮುಧೋಳದ ಪಂಕ್ಚರ್ ತಿದ್ದುವವನನ್ನು ಕೇಳಿ, ಬೀಳಗಿ ಸಂತೆಗೆ ಬಂದವರನ್ನು ಕೇಳಿ, ಬನಹಟ್ಟಿಯ ಚಹಾದ ಅಂಗಡಿಯಲ್ಲಿ ಕೂತ ಹುಡುಗರನ್ನು ಕೇಳಿ, ಉತ್ತರ ಒಂದೇ. 12.4 ಇದ್ದವನಿಗೆ 13.6ರ ಆಸೆ, 13.6 ಇದ್ದವನಿಗೆ 14.9ರ ಆಸೆ, 14.9 ಇದ್ದವನು 16.9ರ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ತಿರುಗುತ್ತಾನೆ. ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಇದರ ರೊಕ್ಕ ತೆರುತ್ತಿರುವವರು ಹಳೆಯ, ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡು ನಾಲ್ಕಾರು ಎಕರೆಯಲ್ಲಿ ದುಡಿಯುವವರು. ಹಾಗಾಗಿ ನಕ್ಕು ಬಿಡುವಂತಿಲ್ಲ.

ಟೈರಿನ ಮೈಮೇಲಿನ ಅಂಕಿಯ ಲೆಕ್ಕ ಬಹಳ ಜನರಿಗೆ ಗೊತ್ತಿದೆ, ಆದರೂ ಹೇಳಿಬಿಡುತ್ತೇನೆ. 13.6-28 ಎಂದರೆ ಟೈರಿನ ಅಗಲ ಸುಮಾರು 13.6 ಇಂಚು, ಅದು ಕೂರುವ ರಿಮ್ಮಿನ ಅಡ್ಡಳತೆ 28 ಇಂಚು. ಮಹೀಂದ್ರಾ ಬಿ-275, ಐಷರ್ 241, ಮ್ಯಾಸಿ 1035, ಎಚ್‌ಎಂಟಿ 2511 ಇಂಥ ಹಳೆಯ ಗಾಡಿಗಳಿಗೆ ಹಿಂದೆ ಹೆಚ್ಚಾಗಿ 12.4-28, ಕೆಲವಕ್ಕೆ 13.6-28, ಮುಂದೆ 6.00-16. ಐವತ್ತು ಎಚ್‌ಪಿಯ ಆಸುಪಾಸಿನ ಗಾಡಿಗಳಿಗೆ 14.9-28. ಅದಕ್ಕೂ ದೊಡ್ಡ, ನಾಲ್ಕೂ ಗಾಲಿ ಎಳೆಯುವ ಗಾಡಿಗಳಿಗೆ ಹಿಂದೆ 16.9-28, ಮುಂದೆ 9.5-24. ಕಂಪನಿಯವರು ಈ ಜೋಡಿಗಳನ್ನು ಚಂದ ಕಾಣಲೆಂದು ಆರಿಸಿದ್ದಲ್ಲ. ಎಂಜಿನ್ನಿನ ಬಲ, ಗೇರಿನ ಹಲ್ಲು, ಅಚ್ಚಿನ ದಪ್ಪ, ಬ್ರೇಕಿನ ಅಳತೆ, ರಿಮ್ಮಿನ ಅಗಲ ಇಷ್ಟನ್ನೂ ಕೂಡಿಸಿ ಕಳೆದು ಹಿಂದಿನ ಗಾಲಿಗೆ ಒಂದು ಅಳತೆ, ಮುಂದಿನದಕ್ಕೆ ಇನ್ನೊಂದು ಅಳತೆ ಗೊತ್ತುಮಾಡಿರುತ್ತಾರೆ.

ಈಗ ‘ಹೆಚ್ಚು ಜಗ್ಗತೈತಿ’ ಎಂಬ ಮಾತನ್ನೇ ತೂಕಕ್ಕೆ ಹಾಕೋಣ. ಅಚ್ಚಿಗೆ ಗೇರ್‌ಬಾಕ್ಸಿನಿಂದ ಬರುವ ತಿರುಗುಬಲ ಅಷ್ಟೇ ಇರುತ್ತದೆ. ಟೈರು ಬದಲಿಸಿದರೆ ಎಂಜಿನ್ನಿಗೆ ಹೊಸ ಕುದುರೆ ಹುಟ್ಟುವುದಿಲ್ಲ. ಆ ಬಲವನ್ನು ಗಾಲಿಯ ತ್ರಿಜ್ಯದಿಂದ ಭಾಗಿಸಿದರೆ ನೆಲಕ್ಕೆ ಬೀಳುವ ಜಗ್ಗು ಸಿಗುತ್ತದೆ. ಗಾಲಿ ಎತ್ತರವಾದರೆ ಭಾಗಿಸುವ ಅಂಕಿ ದೊಡ್ಡದಾಗುತ್ತದೆ, ಜಗ್ಗು ಕಡಿಮೆಯಾಗುತ್ತದೆ. 13.6-28ರ ಎತ್ತರ ಸುಮಾರು 131 ಸೆಂಟಿಮೀಟರ್, 16.9-28ರದ್ದು ಸುಮಾರು 143. ಅಂದರೆ ಶೇ 9ರಷ್ಟು ಹೆಚ್ಚು. ಅದೇ ಗಾಡಿಗೆ, ಅದೇ ಗೇರಿನಲ್ಲಿ, 16.9 ಹಾಕಿದವನ ಜಗ್ಗು ಶೇ 8ರಷ್ಟು ಇಳಿಯಿತು. ಓಟ ಮಾತ್ರ ಶೇ 9ರಷ್ಟು ಏರಿತು. ರಸ್ತೆಯಲ್ಲಿ ಗಾಡಿ ಜೋರಾಗಿ ಓಡಿದ್ದನ್ನು ಕಂಡು ಅವನು ‘ಬಲ ಬಂತು’ ಎಂದುಕೊಂಡ. ಬಂದದ್ದು ಓಟ, ಹೋದದ್ದು ಬಲ. ಬ್ರೇಕಿನದೂ ಇದೇ ಕತೆ: ಹಿಡಿಯುವ ಡ್ರಮ್ಮು ಅಥವಾ ಡಿಸ್ಕು ಅಷ್ಟೇ, ಹಿಡಿಸಿಕೊಳ್ಳಬೇಕಾದ ಗಾಲಿ ದೊಡ್ಡದು.

ಬನಹಟ್ಟಿ, ರಬಕವಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪವರ್‌ಲೂಮಿನ ಪಿಕ್ ವೀಲ್ ಬದಲಿಸಿ ಬೇರೆ ಹಲ್ಲಿನದನ್ನು ಕೂರಿಸಿದರೆ ಬಟ್ಟೆಯ ಹೊಕ್ಕಿನ ಒತ್ತೇ ಬೇರೆಯಾಗುತ್ತದೆ. ದೊಡ್ಡ ಚಕ್ರ ಹಾಕಿದೆ, ಮಗ್ಗಕ್ಕೆ ಬಲ ಬಂತು ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಅದೇ ಊರಿನ ಹೊಲದ ಕಡೆ ಬಂದರೆ ಈ ಬುದ್ಧಿ ಎಲ್ಲಿಗೆ ಹೋಗುತ್ತದೋ.

ಎದುರುವಾದ ಬರುತ್ತದೆ, ಗೊತ್ತು. ‘ಅಗಲ ಟೈರು ನೆಲ ಹಿಡೀತೈತಿ, ಜಾರೂದಿಲ್ಲ.’ ಇದರಲ್ಲಿ ಅರ್ಧ ನಿಜವಿದೆ. ಮಳೆ ಬಿದ್ದು ಹಸಿಯಾದ ಎರಿ ಹೊಲದಲ್ಲಿ ಅಗಲವಾದ ಟೈರು ಭಾರವನ್ನು ಹರಡುತ್ತದೆ, ಹೂಳುವುದು ಕಡಿಮೆ. ಆದರೆ ಗಾಲಿ ಜಾರುವುದನ್ನು ತಡೆಯಲು ಇದಕ್ಕಿಂತ ಅಗ್ಗದ ದಾರಿ ಒಂದಿದೆ, ಅದು ನಮ್ಮ ಅಪ್ಪಂದಿರಿಗೆಲ್ಲ ಗೊತ್ತಿತ್ತು: ಟ್ಯೂಬಿಗೆ ನೀರು ತುಂಬುವುದು. 13.6-28ರ ಟ್ಯೂಬಿಗೆ ಮುಕ್ಕಾಲು ಪಾಲು ನೀರು ತುಂಬಿದರೆ ಒಂದೊಂದು ಗಾಲಿಗೂ ನೂರೈವತ್ತು ಕಿಲೋಗೂ ಹೆಚ್ಚು ಭಾರ ಕೂಡುತ್ತದೆ, ಅದೂ ಅಚ್ಚಿನ ಕೆಳಗೆ, ನೆಲಕ್ಕೆ ಹತ್ತಿರ. ಇದಕ್ಕೆ ಬೇಕಾದದ್ದು ಒಂದು ವಾಲ್ವ್ ಅಡಾಪ್ಟರು, ಕೊಳವೆಬಾವಿಯ ಒಂದು ಪೈಪು. ಇನ್ನೊಂದು ದಾರಿ ಗಾಳಿ ನೋಡುವುದು. ಟ್ರೇಲರ್ ಜಗ್ಗಲೆಂದು ಬಿಗಿಯಾಗಿ ಊದಿಸಿದ ಟೈರಿನಲ್ಲೇ ಹೊಲಕ್ಕಿಳಿದು ರಂಟೆ ಹೊಡೆಯುವವರು ಎಷ್ಟು ಮಂದಿ! ಹೊಲದ ಕೆಲಸಕ್ಕೆ 12ರಿಂದ 14 ಪೌಂಡ್ ಗಾಳಿ ಸಾಕು. ಅದರ ದುಪ್ಪಟ್ಟು ಇಟ್ಟುಕೊಂಡು ಹೋದರೆ ಟೈರಿನ ನಡುವಿನ ಹಲ್ಲು ಮಾತ್ರ ನೆಲ ಮುಟ್ಟುತ್ತದೆ, ಗಾಲಿ ಜಾರುತ್ತದೆ, ಡೀಸೆಲ್ ಸುಡುತ್ತದೆ, ಆಮೇಲೆ ಮನೆಗೆ ಬಂದು ‘ಟೈರು ಸಣ್ಣದಾತು’ ಎಂದು ಹೇಳುತ್ತೇವೆ. ಹತ್ತಾರು ಸಾವಿರ ರೂಪಾಯಿಯ ಟೈರು ಕೊಳ್ಳುವವನ ಬಳಿ ಗಾಳಿ ನೋಡುವ ಮೀಟರ್ ಒಂದು ಇರುವುದಿಲ್ಲ.

ಇನ್ನು ಅಗಲ ಟೈರನ್ನು ಹಳೆಯ ರಿಮ್ಮಿಗೇ ಏರಿಸುವ ಸಾಹಸ. 12.4 ಕೂರುವ 11 ಇಂಚು ಅಗಲದ ರಿಮ್ಮಿಗೆ 13.6 ಕೂರುತ್ತದೆ, ತಯಾರಕರ ಪಟ್ಟಿಯಲ್ಲೂ ಅದಕ್ಕೆ ಅವಕಾಶ ಇದೆ. ಒಂದು ಮೆಟ್ಟಿಲು ಏರುವುದಕ್ಕೆ ನನ್ನ ತಕರಾರಿಲ್ಲ. ಎರಡು ಮೆಟ್ಟಿಲು ಏರಿ 14.9 ತುರುಕಿದರೆ ಟೈರಿನ ಅಂಚುಗಳು ಒಳಕ್ಕೆ ಸೆಳೆದುಕೊಂಡು ಮೈ ಗುಂಡಗಾಗುತ್ತದೆ. ಅಗಲ ಟೈರಿಗೆ ರೊಕ್ಕ ಕೊಟ್ಟು, ನೆಲ ಮುಟ್ಟುವುದು ಮಾತ್ರ ಮೊದಲಿನ ಅಗಲವೇ. ನಡುವಿನ ಹಲ್ಲು ಒಂದೇ ಹಂಗಾಮಿನಲ್ಲಿ ಸವೆದು, ಅಂಚಿನ ಹಲ್ಲು ಹೊಸದರಂತೆ ಉಳಿದಿರುವ ಟೈರುಗಳನ್ನು ನಮ್ಮ ಕಡೆ ಎಲ್ಲೆಲ್ಲೂ ನೋಡಬಹುದು. ಅವುಗಳ ಮಾಲೀಕರು ಟೈರಿನ ಕಂಪನಿಯನ್ನು ಬೈಯುತ್ತಿರುತ್ತಾರೆ.

ಕಬ್ಬಿನ ಸಾಲಿಗೆ ಬನ್ನಿ. ನಾಲ್ಕು ಅಡಿ ಸಾಲಿನಲ್ಲಿ ಎಡೆ ಹೊಡೆಯುವುದಕ್ಕೆ, ಮಣ್ಣು ಏರಿಸುವುದಕ್ಕೆ, ಕುಳೆ ಕಬ್ಬಿನ ನಡುವೆ ಗೊಬ್ಬರ ಹಾಕುವುದಕ್ಕೆ ಬೇಕಾದದ್ದು ಕಿರಿದಾದ ಟೈರು. 12.4 ಇಂಚು ಅಂದರೆ ಒಂದು ಮೊಳಕ್ಕೂ ಕಡಿಮೆ, 31 ಸೆಂಟಿಮೀಟರ್. 16.9 ಎಂದರೆ 43 ಸೆಂಟಿಮೀಟರ್. ಸಾಲಿನ ಎರಡೂ ಮಗ್ಗುಲಿಗೆ ಮೊಳಕೆ ಒಡೆಯುತ್ತಿರುವ ಕುಳೆಯ ಬುಡ ಇರುವಾಗ ಈ ಹನ್ನೆರಡು ಸೆಂಟಿಮೀಟರಿನ ವ್ಯತ್ಯಾಸ ಎಂದರೆ ತುಳಿದುಹೋಗುವ ಬುಡಗಳು. ಕಬ್ಬು ಕಡಿದ ಹೊಲಕ್ಕೆ ದೊಡ್ಡ ಗಾಡಿ, ತುಂಬಿದ ಟ್ರೇಲರ್ ಇಳಿಸಿ ಎರಿ ನೆಲವನ್ನು ಒತ್ತಿ ಒತ್ತಿ ಗಟ್ಟಿ ಮಾಡುತ್ತೇವೆ. ಮುಂದಿನ ವರ್ಷ ಕುಳೆ ಇಳುವರಿ ಕಡಿಮೆ ಬಂತೆಂದರೆ ಬೀಜದ ಮೇಲೆ, ನೀರಿನ ಮೇಲೆ ಹಾಕುತ್ತೇವೆ. ತೇರದಾಳ, ಮಹಾಲಿಂಗಪುರದ ಕಡೆ ಅರಿಶಿನ ಹಾಕುವವರು ಈಗಲೂ ಸಣ್ಣ ಗಾಡಿಯನ್ನು ಬಿಟ್ಟುಕೊಡುವುದಿಲ್ಲ. ಆಲಮಟ್ಟಿ ಹಿನ್ನೀರಿಗೆ ಒಳ್ಳೆಯ ಹೊಲ ಹೋಗಿ, ಉಳಿದ ತುಂಡುಗಳಲ್ಲಿ ಒಕ್ಕಲುತನ ಮಾಡುತ್ತಿರುವ ಬೀಳಗಿ ತಾಲ್ಲೂಕಿನವರಿಗೂ ಆ ಸಣ್ಣ ಗಾಡಿಯೇ ಸರಿ. ಹೊಲದ ಮೂಲೆಯಲ್ಲಿ ತಿರುಗಲು ಜಾಗ ಬೇಡವೆ?

ನಾಲ್ಕೂ ಗಾಲಿ ಎಳೆಯುವ ಹೊಸ ಗಾಡಿಗಳ ವಿಷಯ ಇನ್ನೂ ಸೂಕ್ಷ್ಮ. ಇಲ್ಲಿ ಹಿಂದಿನ ದೊಡ್ಡ ಗಾಲಿಗೂ ಮುಂದಿನ ಸಣ್ಣ ಗಾಲಿಗೂ ಗೇರಿನ ಸಂಬಂಧ ಕಟ್ಟಿಹಾಕಿರುತ್ತಾರೆ. ಸಣ್ಣ ಗಾಲಿ ಹೆಚ್ಚು ಸುತ್ತಬೇಕು, ದೊಡ್ಡದು ಕಡಿಮೆ. ಎರಡೂ ನೆಲದ ಮೇಲೆ ಹೆಚ್ಚುಕಡಿಮೆ ಒಂದೇ ದೂರ ಹೋಗಬೇಕು. ಅದರಲ್ಲೂ ಮುಂದಿನ ಗಾಲಿ ಸ್ವಲ್ಪ ಮುಂದೆಯೇ ಇರಬೇಕು, ಶೇ 1ರಿಂದ 5ರವರೆಗೆ, ಅಂದಾಗ ಮುಂದಿನದು ಗಾಡಿಯನ್ನು ಜಗ್ಗುತ್ತದೆ. 14.9 ತೆಗೆದು 16.9 ಹಾಕಿದರೆ ಹಿಂದಿನ ಗಾಲಿಯ ಸುತ್ತಳತೆ ಶೇ 5ರ ಹತ್ತಿರ ಏರುತ್ತದೆ. ಮುಂದಿನ ಟೈರನ್ನು ಹಾಗೇ ಬಿಟ್ಟರೆ ಇದ್ದ ಮುಂಗಡವೆಲ್ಲ ಅಲ್ಲಿಗೇ ಮುಗಿಯಿತು. ಹಿಂದಿನ ಗಾಲಿ ಮುಂದಿನದನ್ನು ದಬ್ಬುತ್ತದೆ, ಮುಂದಿನದು ಎಳೆಯುವ ಬದಲು ತಡೆಯುತ್ತದೆ. ಗಟ್ಟಿ ರಸ್ತೆಯ ಮೇಲೆ ಈ ಜಗಳ ಎಲ್ಲಿಗೂ ಹೊರಗೆ ಹೋಗಲಾರದೆ ಅಚ್ಚಿನಲ್ಲಿ, ಗೇರಿನಲ್ಲಿ, ಟೈರಿನ ಹಲ್ಲಿನಲ್ಲಿ ತೀರುತ್ತದೆ. ಮುಂದಿನ ಟೈರು ಎರಡು ಹಂಗಾಮಿಗೆ ಬೋಳಾಯಿತು ಎಂದು ಗೋಳಾಡುವವರು ತಮ್ಮ ಹಿಂದಿನ ಟೈರಿನ ಅಂಕಿಯನ್ನೊಮ್ಮೆ, ರಸ್ತೆಯಲ್ಲೂ ನಾಲ್ಕು ಗಾಲಿಯ ಲಿವರ್ ಹಾಕಿಕೊಂಡೇ ಓಡಿಸುವ ತಮ್ಮ ಡ್ರೈವರನನ್ನೊಮ್ಮೆ ನೋಡಿಕೊಳ್ಳಬೇಕು.

ಇದನ್ನು ಪರೀಕ್ಷಿಸಲು ಎಂಜಿನಿಯರ್ ಬೇಕಿಲ್ಲ, ಒಂದು ಖಡು ಸಾಕು. ಹೊಲದ ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಮತ್ತು ಮುಂದಿನ ಟೈರಿನ ಮೈಮೇಲೆ, ನೆಲಕ್ಕೆ ತಾಗುವಲ್ಲಿ, ಒಂದೊಂದು ಬಿಳಿ ಗೆರೆ ಎಳೆಯಿರಿ. ನಾಲ್ಕು ಗಾಲಿಯ ಲಿವರ್ ತೆಗೆದು, ಹಿಂದಿನ ಗಾಲಿ ಹತ್ತು ಸುತ್ತು ಬರುವವರೆಗೆ ನಿಧಾನ ಓಡಿಸಿ. ಅಷ್ಟರಲ್ಲಿ ಮುಂದಿನದು ಎಷ್ಟು ಸುತ್ತಿತು, ಕಾಲು ಸುತ್ತಿನವರೆಗೂ ಎಣಿಸಿ. ಆಮೇಲೆ ಲಿವರ್ ಹಾಕಿ ಅದೇ ಹತ್ತು ಸುತ್ತು. ಎರಡನೆಯ ಎಣಿಕೆ ಮೊದಲನೆಯದಕ್ಕಿಂತ ಸ್ವಲ್ಪ ಹೆಚ್ಚಿರಬೇಕು. ಕಡಿಮೆ ಬಂತೋ, ನಿಮ್ಮ ಗಾಡಿಯ ಮುಂದಿನ ಅಚ್ಚು ನಿಮ್ಮ ವಿರುದ್ಧವೇ ದುಡಿಯುತ್ತಿದೆ. ಹುಡುಗರಿಬ್ಬರು, ಒಂದು ಸಂಜೆ, ಖರ್ಚು ಏನೂ ಇಲ್ಲ.

ಈ ಭ್ರಮೆ ಬಂದದ್ದಾದರೂ ಎಲ್ಲಿಂದ? ಮೊದಲ ಕಾರಣ ಕಬ್ಬಿನ ಸಾಗಾಣಿಕೆ. ಸಮೀರವಾಡಿ, ಸಿದ್ಧಾಪುರ, ಹಿರೇಪಡಸಲಗಿ, ಉತ್ತೂರು, ಬಾಡಗಂಡಿ, ಹೀಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಸಕ್ಕರೆ ಕಾರ್ಖಾನೆಗಳು ಸಾಲಾಗಿವೆ. ಸಾಗಾಣಿಕೆಯ ದುಡ್ಡು ಟನ್ನಿನ ಲೆಕ್ಕದಲ್ಲಿ. ಒಂದು ಖೇಪಿಗೆ ಹೆಚ್ಚು ಟನ್ ಹೊತ್ತವನಿಗೆ ಹೆಚ್ಚು ಹಣ. ಆದ್ದರಿಂದ ಒಂದರ ಹಿಂದೆ ಇನ್ನೊಂದು ಟ್ರೇಲರ್, ಇಪ್ಪತ್ತು ಟನ್ನಿನ ಆಸುಪಾಸಿನ ಹೊರೆ, ಅದನ್ನು ಜಗ್ಗಲು ‘ದೊಡ್ಡ ಟೈರು’. 2025ರ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ಮುಧೋಳದಲ್ಲಿ ಹೋರಾಟ ಬಿಸಿಯೇರಿ, ಸಮೀರವಾಡಿ ಬಳಿ ಟ್ರೇಲರ್‌ಗಳು ಹೊತ್ತಿ ಉರಿದವು. ಸರ್ಕಾರ ಟನ್ನಿಗೆ 3300 ರೂಪಾಯಿ ಎಂದಿತು, ರೈತರು 3500 ಎಂದರು. ಆ ಜಗಳ ನ್ಯಾಯದ್ದೇ. ಆದರೆ ಕಡಿಯುವ ಮತ್ತು ಸಾಗಿಸುವ ದರವನ್ನು ಟನ್ನಿಗೆ ಕಟ್ಟಿರುವ ತನಕ ಟ್ರ್ಯಾಕ್ಟರಿನವನು ಹೆಚ್ಚು ಹೇರುವುದನ್ನು, ಹೆಚ್ಚು ಹೇರಲು ದೊಡ್ಡ ಟೈರು ಹುಡುಕುವುದನ್ನು ಬಿಡುವುದಿಲ್ಲ. ಅದರ ಬಗ್ಗೆ ಗಟ್ಟಿಯಾಗಿ ಮಾತಾಡುವವರು ಕಡಿಮೆ.

ಮತ್ತು ಆ ಹೊರೆಗೆ ದೊಡ್ಡ ಟೈರು ಮದ್ದೂ ಅಲ್ಲ, ವಿಷ. ಗಾಲಿ 12 ಸೆಂಟಿಮೀಟರ್ ಎತ್ತರವಾದರೆ ಅಚ್ಚೂ, ಅದರೊಂದಿಗೆ ಟ್ರೇಲರ್ ಕಟ್ಟುವ ಕೊಂಡಿಯೂ ಆರು ಸೆಂಟಿಮೀಟರ್ ಮೇಲೇರುತ್ತದೆ. ಕೊಂಡಿ ಮೇಲೇರಿದಷ್ಟೂ ಜಗ್ಗಿದಾಗ ಗಾಡಿಯ ಮೂತಿ ಎದ್ದೇಳುವುದು ಹೆಚ್ಚು. ಏರಿನಲ್ಲಿ ಮುಂದಿನ ಗಾಲಿ ಗಾಳಿಯಲ್ಲಿ ತೇಲುತ್ತ, ಸ್ಟೇರಿಂಗ್ ತಿರುಗಿಸಿದರೂ ತಿರುಗದೆ, ಎರಡು ಟ್ರೇಲರ್ ಹಿಂದಕ್ಕೆ ಜಗ್ಗುತ್ತ ನಿಂತ ಗಾಡಿಯನ್ನು ನೋಡದವರು ನಮ್ಮ ಕಡೆ ಯಾರಿದ್ದಾರೆ? ಮುಂದೆ ಕಲ್ಲು ಕಟ್ಟುತ್ತಾರೆ, ಕಬ್ಬಿಣದ ತೂಕ ಕಟ್ಟುತ್ತಾರೆ, ಕೆಲವು ಕಡೆ ಬಂಪರಿನ ಮೇಲೆ ಮನುಷ್ಯರನ್ನೇ ಕೂರಿಸುತ್ತಾರೆ. ಮನೆಯಲ್ಲಿ ಮಕ್ಕಳಿರುವವರನ್ನು ಹಾಗೆ ಕೂರಿಸುವುದಕ್ಕೆ ಕೈಯಾದರೂ ಹೇಗೆ ಬರುತ್ತದೆ?

ಎರಡನೆಯ ಕಾರಣ ಜಾತ್ರೆ. ಟ್ರ್ಯಾಕ್ಟರ್ ಜಗ್ಗುವ, ಟ್ರೇಲರ್ ಕಟ್ಟಿ ಹಿಂದಕ್ಕೆ ಓಡಿಸುವ ಸ್ಪರ್ಧೆಗಳು. ಹುಡುಗರ ಹುರುಪಿಗೆ ನಾನು ವೈರಿಯಲ್ಲ. ಹಿಂದಕ್ಕೆ ಟ್ರೇಲರ್ ಓಡಿಸುವುದು ನಿಜವಾದ ಕೈಚಳಕ, ನೋಡಲು ನಾನೂ ನಿಲ್ಲುತ್ತೇನೆ. ಆದರೆ ಸ್ಪರ್ಧೆಯ ಗಾಡಿಯ ವೇಷವನ್ನು ದುಡಿಯುವ ಗಾಡಿಗೆ ತೊಡಿಸುವುದು ಬೇರೆ ಮಾತು.

ಮೂರನೆಯದು ಅಂಗಡಿ. ಇದೇ ನನ್ನ ದೊಡ್ಡ ಸಿಟ್ಟು. ನಮ್ಮ ಭಾಗದ ಒಂದು ಟೈರ್ ಅಂಗಡಿಯಲ್ಲಿ ಕಿವಿಯಾರೆ ಕೇಳಿದ ಮಾತು ಇದು. ಪಂಚೆಯುಟ್ಟ ಹಿರಿಯರೊಬ್ಬರು ಒಂದು ಟೈರು ಹೊರಿಸಿಕೊಂಡು ಬಂದಿದ್ದರು, ಮಗ್ಗುಲಲ್ಲಿ ಅಂಗೈಯಷ್ಟು ಸೀಳು.

‘ತಮ್ಮಾ, ಹನ್ನೆರಡು ನಾಕು ಐತೇನು?’

‘ಇಲ್ಲ ಕಾಕಾ, ಅದನ್ನ ಈಗ ಯಾರೂ ಕೇಳಂಗಿಲ್ಲ. ತರ್ಟೀನ್ ಸಿಕ್ಸ್ ಹಾಕ್ಕೊಂಡ ಹೋಗ್ರಿ. ಗಾಡಿ ಇನ್ನೂ ಜೋರಾಗತೈತಿ.’

‘ಒಂದ ಬೇಕಾಗೇತಿ. ಇನ್ನೊಂದು ಚಲೋ ಐತಿ.’

‘ಒಂದ ಹಾಕ್ರಿ, ಏನಾಗತೈತಿ? ಸ್ವಲ್ಪ ಎತ್ತರ ಕಾಣಸ್ತೈತಿ, ಅಷ್ಟ.’

ಏನಾಗುತ್ತದೆ ಎಂದು ಹೇಳುತ್ತೇನೆ. ಒಂದೇ ಅಚ್ಚಿನ ಒಂದು ಕಡೆ 12.4, ಇನ್ನೊಂದು ಕಡೆ 13.6. ಎರಡರ ಸುತ್ತಳತೆಯಲ್ಲಿ ಸುಮಾರು ಹದಿನಾರು ಸೆಂಟಿಮೀಟರ್ ಅಂತರ. ಒಂದು ಕಿಲೋಮೀಟರ್ ನೇರ ಹೋಗುವಷ್ಟರಲ್ಲಿ ಸಣ್ಣ ಗಾಲಿ ದೊಡ್ಡದಕ್ಕಿಂತ ಹೆಚ್ಚುಕಡಿಮೆ ಹತ್ತು ಸುತ್ತು ಹೆಚ್ಚು ತಿರುಗಬೇಕು. ತಿರುವಿನಲ್ಲಿ ಮಾತ್ರ ಕೆಲಸ ಮಾಡಬೇಕಾದ ಡಿಫರೆನ್ಷಿಯಲ್ಲಿನ ಹಲ್ಲುಗಳು ನೇರ ರಸ್ತೆಯಲ್ಲೂ ದಿನವಿಡೀ ಉಜ್ಜಿಕೊಳ್ಳುತ್ತವೆ. ಹೊಲದಲ್ಲಿ ಗಾಲಿ ಹೂತಾಗ ಡಿಫ್ ಲಾಕ್ ಒತ್ತಿದರೆ ಎರಡು ಬೇರೆ ಬೇರೆ ಎತ್ತರದ ಗಾಲಿಗಳು ಒಂದೇ ಸುತ್ತಿಗೆ ಕಟ್ಟುಬೀಳುತ್ತವೆ. ಒಂದು ಟೈರು ನೆಲ ಕೆರೆಯದೆ ಗತಿಯಿಲ್ಲ. ಒಂದು ವರ್ಷ, ಎರಡು ವರ್ಷ. ಆಮೇಲೆ ಅಚ್ಚಿನಿಂದ ಕಟಕಟ ಸದ್ದು. ಮೆಕ್ಯಾನಿಕ್ ಹಿಂದಿನ ಭಾಗ ಬಿಚ್ಚಿ ‘ಡಿಫರೆನ್ಷಿಯಲ್ ಹೋಗೇತ್ರಿ’ ಎನ್ನುತ್ತಾನೆ. ಟೈರಿನಲ್ಲಿ ಉಳಿಸಿದ ರೊಕ್ಕದ ಹಲವು ಪಟ್ಟು ಅಲ್ಲಿ ಹೋಗುತ್ತದೆ. ಆಗ ಊರಿನವರು ತೀರ್ಪು ಕೊಡುತ್ತಾರೆ: ‘ಹಳೇ ಗಾಡಿ, ಮಾರಿಬಿಡಬೇಕಿತ್ತು.’

‘ಯಾರೂ ಕೇಳಂಗಿಲ್ಲ’ ಎಂಬುದೂ ಅರ್ಧ ಸುಳ್ಳು. ಅಂಗಡಿಯಲ್ಲಿ ಇಟ್ಟಿಲ್ಲ, ಆದ್ದರಿಂದ ಕೇಳಿದವನು 13.6 ಒಯ್ಯುತ್ತಾನೆ, 13.6 ಮಾರಾಟವಾಯಿತು, ಆದ್ದರಿಂದ 12.4 ತರಿಸುವುದಿಲ್ಲ. ಸಾಂಗ್ಲಿ, ಕೊಲ್ಹಾಪುರ, ಹುಬ್ಬಳ್ಳಿಯ ದೊಡ್ಡ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ, ಎಂಆರ್‌ಎಫ್, ಸಿಯೆಟ್, ಅಪೊಲೊದಂಥ ಕಂಪನಿಗಳು ಈ ಅಳತೆಯನ್ನು ಕೈಬಿಟ್ಟಿಲ್ಲ. ಆದರೆ ಒಂದು ಜೋಡಿ ಟೈರಿಗೆಂದು ಗಾಡಿ ಮಾಡಿಕೊಂಡು ಅಲ್ಲಿಗೆ ಹೋಗಿಬರುವ ಖರ್ಚೇ ಸಣ್ಣ ರೈತನಿಗೆ ಭಾರ.

ಇಲ್ಲಿ ಒಂದು ವಿಚಿತ್ರ ಹೇಳಬೇಕು. ಹಿಂದೆ ಅಗಲ, ಮುಂದೆ ಕಿರಿದು, ಹೀಗೆ ಎರಡು ಅಳತೆಯ ಟೈರು ಬೇಡುವ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಬೆಂಗಳೂರು, ಮುಂಬಯಿಯ ಸಿರಿವಂತರು ಜತನದಿಂದ ಇಟ್ಟುಕೊಳ್ಳುತ್ತಾರೆ. ಆ ಟೈರು ಸಿಗದೆ ದೇಶ ಸುತ್ತಿದರೆ, ಪರದೇಶದಿಂದ ತರಿಸಿದರೆ, ಜನ ಅವರನ್ನು ರಸಿಕರು ಎನ್ನುತ್ತಾರೆ. ಅವರಂತೆಯೇ ಎರಡು ಅಳತೆಯ ಟೈರಿಗಾಗಿ ಜಮಖಂಡಿಯಿಂದ ಮಿರಜಿನವರೆಗೆ ಅಲೆಯುವ ಮ್ಯಾಸಿ 1035ರ ಮಾಲೀಕ ಮಾತ್ರ ಜಿಪುಣ, ಹಿಂದುಳಿದವ. ಆ ಕಾರು ವಾರಕ್ಕೊಮ್ಮೆ ಬೆಳಗಿನ ಹೊತ್ತು ತಿರುಗಾಡಿ ಬರುತ್ತದೆ. ಈ ಗಾಡಿ ಒಂದು ಮನೆಯ ಅನ್ನ ದುಡಿಯುತ್ತದೆ.

ದೊಡ್ಡದೇ ಬಲ ಎಂಬ ಮಾತನ್ನು ಟ್ರ್ಯಾಕ್ಟರಿನ ಚರಿತ್ರೆಯೇ ಹಿಂದೆ ಸುಳ್ಳು ಮಾಡಿದೆ. 1930ರ ಹೊತ್ತಿಗೆ ಅಮೆರಿಕದ ಟ್ರ್ಯಾಕ್ಟರುಗಳಿಗೆ ಇದ್ದದ್ದು ಮೊಳೆಹಲ್ಲಿನ ಉಕ್ಕಿನ ಗಾಲಿ. ರಬ್ಬರಿನ ಟೈರು ಹೊಲದಲ್ಲಿ ನಡೆಯುವುದಿಲ್ಲ, ಉಕ್ಕಿಗೆ ಸಮ ಯಾವುದೂ ಇಲ್ಲ ಎಂಬುದು ಆಗಿನ ಲೋಕಾಭಿಪ್ರಾಯ. 1932ರಲ್ಲಿ ಆಲಿಸ್-ಚಾಮರ್ಸ್ ಕಂಪನಿ ಫೈರ್‌ಸ್ಟೋನಿನ ಗಾಳಿ ತುಂಬಿದ ಟೈರು ಹಾಕಿ ಟ್ರ್ಯಾಕ್ಟರ್ ಮಾರತೊಡಗಿತು. ಜನ ನಂಬಲೆಂದು ಕಾರ್ ರೇಸಿನ ಹೆಸರುವಾಸಿ ಓಟಗಾರ ಬಾರ್ನಿ ಓಲ್ಡ್‌ಫೀಲ್ಡ್‌ನನ್ನು ಟ್ರ್ಯಾಕ್ಟರ್ ಮೇಲೆ ಕೂರಿಸಿದರು; 1933ರಲ್ಲಿ ಆತ ಗಂಟೆಗೆ 64 ಮೈಲಿ ವೇಗದಲ್ಲಿ ಓಡಿಸಿ ತೋರಿಸಿದ. ಕೆಲವೇ ವರ್ಷಗಳಲ್ಲಿ ಉಕ್ಕಿನ ಗಾಲಿ ಮೂಲೆ ಸೇರಿತು.

ಹ್ಯಾರಿ ಫರ್ಗ್ಯುಸನ್‌ನ ಕತೆ ಇನ್ನೂ ಹತ್ತಿರದ್ದು, ಏಕೆಂದರೆ ಮ್ಯಾಸಿ ಗಾಡಿಗಳ ಮೇಲೆ ಅವನ ಹೆಸರು ನಮ್ಮ ಹೊಲಗಳಲ್ಲಿ ಇನ್ನೂ ಓಡಾಡುತ್ತಿದೆ. ಉಳಲು ಭಾರವಾದ ಯಂತ್ರವೇ ಬೇಕು ಎಂದು ಎಲ್ಲರೂ ಹೇಳುತ್ತಿದ್ದಾಗ, ಬೇಕಾದದ್ದು ಯಂತ್ರದ ಭಾರವಲ್ಲ, ಉಪಕರಣವನ್ನು ಕಟ್ಟುವ ಬಗೆ ಎಂದವನು ಅವನು. ಮೂರು ಕೊಂಡಿಯ ಅವನ ಜೋಡಣೆಯಲ್ಲಿ ನೇಗಿಲು ನೆಲವನ್ನು ಕಚ್ಚಿದಷ್ಟೂ ಅದರ ಎಳೆತವೇ ಹಿಂದಿನ ಗಾಲಿಯನ್ನು ನೆಲಕ್ಕೆ ಒತ್ತುತ್ತದೆ. 1946ರಿಂದ 1956ರವರೆಗೆ ತಯಾರಾದ ಅವನ ಟಿಇ-20 ಗಾಡಿ ಟನ್ನೊಂದರ ಆಸುಪಾಸಿನ ತೂಕದ್ದು; ಹಿಂದೆ 10-28, ಮುಂದೆ 4.00-19 ಟೈರು. ಇಂದಿನ ನಮ್ಮ ಹುಡುಗರು ಆಟಿಕೆ ಎನ್ನುವಂಥ ಗಾಲಿಗಳು. ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ಆ ಆಟಿಕೆ ಗಾಲಿಗಳ ಮೇಲೆ ಹೊಲ ಉತ್ತವು. ಇವತ್ತು 16.9 ಹಾಕಿಕೊಂಡು ಮೆರೆಯುವ ಗಾಡಿಯ ಹಿಂದೆಯೂ ಇರುವುದು ಅವನ ಮೂರು ಕೊಂಡಿಯೇ. ಆ ಕೊಂಡಿಯ ಲಿವರನ್ನು ಸರಿಯಾಗಿ ಹಾಕುವುದು ಕಲಿತವನಿಗೆ ದೊಡ್ಡ ಟೈರು ಬೇಕಾಗುವ ಸಂದರ್ಭಗಳು ಬಹಳ ಇಲ್ಲ.

‘ಕಂಪನಿಯವರೇ ದೊಡ್ಡ ಟೈರು ಹಾಕಿ ಮಾರುತ್ತಾರಲ್ಲ?’ ಮಾರುತ್ತಾರೆ, ಅದಕ್ಕೆ ತಕ್ಕ ಅಚ್ಚು, ಗೇರು, ರಿಮ್ಮು, ಬ್ರೇಕು ಸಮೇತ. ನಮ್ಮ ತಕರಾರು ದೊಡ್ಡ ಟೈರಿನ ಮೇಲಲ್ಲ, ತನ್ನದಲ್ಲದ ಗಾಡಿಗೆ ಹತ್ತಿದ ದೊಡ್ಡ ಟೈರಿನ ಮೇಲೆ. ಕಾನೂನಿನ ಮಾತನ್ನೂ ಒಂದು ಸಾಲಿನಲ್ಲಿ ಹೇಳಿಬಿಡುವೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ವ್ಯತ್ಯಾಸ ಬರುವಂಥ ಬದಲಾವಣೆಗೆ ತಡೆ ಹಾಕುತ್ತದೆ. ಅಪಘಾತವಾದ ದಿನ ವಿಮೆಯವರು ಇದನ್ನು ಮರೆಯುವುದಿಲ್ಲ.

ಇನ್ನು ‘ಮುಂದಿನ ಗಾಲಿಗೆ ಏನಿದ್ದರೂ ನಡೀತೈತಿ’. ಒಂದು ಕಾಲದಲ್ಲಿ ಇದಕ್ಕೆ ಆಧಾರ ಇತ್ತು. 6.00-16 ಎಂಬುದು ಹಳೆಯ ಜೀಪಿನ ಅಳತೆಯೂ ಹೌದು, ಹಾಗಾಗಿ ಜೀಪಿನ ಸವೆದ ಟೈರು ಟ್ರ್ಯಾಕ್ಟರಿನ ಮುಂದಕ್ಕೆ ಬರುತ್ತಿತ್ತು. ರಿಮ್ಮಿಗೆ ಕೂರುತ್ತದೆ ನಿಜ. ಆದರೆ ಟ್ರ್ಯಾಕ್ಟರಿನ ಮುಂದಿನ ಟೈರಿಗೆ ಉದ್ದಕ್ಕೂ ಎದ್ದುನಿಂತ ಗೆರೆಗಳಿರುವುದು ಸುಮ್ಮನೆ ಅಲ್ಲ. ಉತ್ತ ಮಣ್ಣಿನಲ್ಲಿ ಆ ಗೆರೆ ನೆಲವನ್ನು ಸೀಳಿ ಹಿಡಿದಾಗಲೇ ಸ್ಟೇರಿಂಗಿನ ಮಾತು ಗಾಡಿ ಕೇಳುವುದು. ಜೀಪಿನ ಟೈರು ಹಾಕಿದ ಗಾಡಿ ಸಾಲಿನ ತುದಿಯಲ್ಲಿ ತಿರುಗದೆ ನೇರ ಜಾರಿಕೊಂಡು ಒಡ್ಡಿಗೆ ಹೋಗಿ ನಿಲ್ಲುತ್ತದೆ. ಡ್ರೈವರ್ ಬ್ರೇಕ್ ಒಂದೇ ಕಡೆ ಒತ್ತಿ ತಿರುಗಿಸುತ್ತಾನೆ. ಆ ಕಡೆಯ ಹಿಂದಿನ ಟೈರು, ಆ ಕಡೆಯ ಬ್ರೇಕು ಬೇಗ ಸವೆಯುತ್ತದೆ. ಮುಂದೆ ಉಳಿಸಿದ್ದು ಹಿಂದೆ ಹೋಯಿತು.

ಅಗ್ಗವಾಗಿ ಸರಿ ಅಳತೆ ಹೊಂದಿಸುವುದು ಅಸಾಧ್ಯವೇನಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರು, ಟ್ಯೂಬಿನ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ಅಂಗಡಿಯವನು ಕೊಡುವ ಬಿಲ್ಲಿನಲ್ಲಿ ಅದು ಇಳಿದಿದೆಯೋ ಇಲ್ಲವೋ ನೋಡಿಕೊಳ್ಳುವುದು ಕೊಳ್ಳುವವನ ಕೆಲಸ. ಮಗ್ಗುಲು ಒಡೆಯದ, ಒಳಗಿನ ನೈಲಾನ್ ಎಳೆ ಕಾಣದ ಟೈರಿಗೆ ರಿಟ್ರೇಡ್ ಮಾಡಿಸಬಹುದು, ಹೊಸದರ ಅರ್ಧಕ್ಕೂ ಕಡಿಮೆ ಖರ್ಚು. ರಿಟ್ರೇಡ್ ಎಂದರೆ ಮೂಗು ಮುರಿಯುವವರಿಗೆ ಇಷ್ಟೇ ಹೇಳಬಹುದು: ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಓಡುವ ಗಾಡಿಗೆ, ಹೊಲದಲ್ಲಿ ಹೆಚ್ಚು ದುಡಿಯುವ ಗಾಡಿಗೆ ಇದು ಹೇಳಿ ಮಾಡಿಸಿದ ದಾರಿ. ಆದರೆ ಹಿಂದಿನ ಎರಡೂ ಟೈರುಗಳನ್ನು ಒಟ್ಟಿಗೆ, ಒಂದೇ ಕಡೆ, ಒಂದೇ ಎತ್ತರದ ಹಲ್ಲಿಗೆ ಮಾಡಿಸಬೇಕು. ಒಂದು ಹೊಸದು, ಒಂದು ರಿಟ್ರೇಡ್ ಹಾಕಿದರೆ ಮತ್ತೆ ಅದೇ ಡಿಫರೆನ್ಷಿಯಲ್ಲಿನ ರಗಳೆ. ಇನ್ನೊಂದು, ಅಪರೂಪದ ಅಳತೆ ‘ಒಂದು ಜೋಡಿ ಒಳಗೈತಿ’ ಎಂದು ಅಂಗಡಿಯವನು ಮೂಲೆಯಿಂದ ಹೊರತೆಗೆದರೆ ಖುಷಿಪಡುವ ಮೊದಲು ಮಗ್ಗುಲ ಮೇಲಿನ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದ ಮಾಲು. ವರ್ಷಗಟ್ಟಲೆ ಮೂಲೆಯಲ್ಲಿ ಕೂತ ರಬ್ಬರು ಬಿಸಿಲಿಗೆ ಬಂದ ಮೊದಲ ಬೇಸಿಗೆಯಲ್ಲೇ ಬಿರುಕು ಬಿಡಬಹುದು, ಬೆಲೆ ಅದಕ್ಕೆ ತಕ್ಕಂತೆ ಇಳಿಯಬೇಕು.

ಸಂಘಗಳನ್ನೂ ಬಿಡುವಂತಿಲ್ಲ. ಊರೂರಿಗೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಇದೆ, ಗೊಬ್ಬರ ತರಿಸುತ್ತದೆ, ಬೀಜ ತರಿಸುತ್ತದೆ. ಟೈರು ಯಾಕೆ ತರಿಸಬಾರದು? ಸರ್ಕಾರ ಕಟ್ಟಲಿ ಎಂದು ಕಾಯದೆ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ತಮ್ಮ ದುಡ್ಡು, ತಮ್ಮ ಬೆವರು ಹಾಕಿ ಬ್ಯಾರೇಜು ಕಟ್ಟಿಕೊಂಡ ಜನ ನಾವು. ನದಿಗೆ ಅಡ್ಡ ನಿಲ್ಲಲು ಬಂದವರಿಗೆ 12.4-28ರ ನಲವತ್ತು ಜೋಡಿ ಒಟ್ಟಿಗೆ ತರಿಸಲು ಬರುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಸಂಘದ ಕಾರ್ಯದರ್ಶಿ ಒಂದು ವಹಿ ತೆರೆದು ಯಾರ ಬಳಿ ಯಾವ ಗಾಡಿ, ಹಿಂದೆ ಯಾವ ಅಳತೆ, ಮುಂದೆ ಯಾವ ಅಳತೆ, ಯಾವ ವರ್ಷ ಬದಲಿ ಬೇಕು ಎಂದು ಬರೆದುಕೊಂಡರೆ ನಾಲ್ಕು ತಾಲ್ಲೂಕಿನ ಬೇಡಿಕೆ ಒಂದು ಲಾರಿಗೆ ತುಂಬುತ್ತದೆ. ಒಂದು ಲಾರಿ ಮಾಲು ಕೇಳುವವನಿಗೆ ಕಂಪನಿಯ ವಿತರಕ ‘ಯಾರೂ ಕೇಳಂಗಿಲ್ಲ’ ಎನ್ನಲಾರ, ದರದಲ್ಲೂ ಇಳಿಯುತ್ತಾನೆ.

ಕಾರ್ಖಾನೆಗಳದ್ದೂ ಒಂದು ಪಾಲಿದೆ. ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ಕೊಡುತ್ತಾರೆ, ಟ್ರ್ಯಾಕ್ಟರಿನವನಿಗೆ ಮುಂಗಡ ಕೊಡುತ್ತಾರೆ, ಬಿಲ್ಲಿನಲ್ಲಿ ಹಿಡಿದುಕೊಳ್ಳುತ್ತಾರೆ. ಆ ಮುಂಗಡದ ಒಂದು ಭಾಗವನ್ನು ಗಾಡಿಯ ಸರಿಯಾದ ಅಳತೆಯ ಟೈರಿಗೆಂದೇ ಮೀಸಲಿಟ್ಟು, ಗೇಟಿನಲ್ಲಿ ತೂಕ ನೋಡುವಾಗಲೇ ಟೈರಿನ ಅಂಕಿಯನ್ನೂ ಬರೆದುಕೊಳ್ಳಬಹುದು. ಹಿಂದಿನ ಎರಡು ಟೈರು ಬೇರೆ ಬೇರೆ ಅಳತೆಯ ಗಾಡಿಯನ್ನು ಎರಡು ಟ್ರೇಲರ್ ಕಟ್ಟಿಕೊಂಡು ಒಳಗೆ ಬಿಡುವುದಿಲ್ಲ ಎಂದು ಯಾರ್ಡಿನ ಬೋರ್ಡಿನ ಮೇಲೆ ಹಾಕಬಹುದು. ಅದಕ್ಕೆ ಹಣ ಬೇಕಿಲ್ಲ. ಹಂಗಾಮು ಶುರುವಾಗುವುದು ದೀಪಾವಳಿಯ ಆಜುಬಾಜಿಗೆ. ಟೈರಿನ ಪಟ್ಟಿ ಶ್ರಾವಣದೊಳಗೆ ಹೋದರೆ ಮಾಲು ಆ ಹೊತ್ತಿಗೆ ಬರುತ್ತದೆ.